ಚಿಕ್ಕಮ್ಮನ ಪ್ಲೇಟು ನುಂಗಿದ ಸಾಲು

ಸೀಮಂತದ ಮನೆಯಲ್ಲಿ ಹಾಡು ಹೇಳಿ ನಗೆಪಾಟಲಾದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ರತ್ನ ಚಿಕ್ಕಮ್ಮ.

ಆಂಡರ್ಸನ್‌ಪೇಟೆಯಲ್ಲಿ ಸೋದರತ್ತೆ ಮಗಳು ಮಂಜುಳನ ಸೀಮಂತ. ಎಲ್ಲರೂ ಒತ್ತಾಯ ಮಾಡಿದರು. ಚಿಕ್ಕಮ್ಮ 'ನಂಗೆಲ್ಲಿ ಬತ್ತದೆ ಬಿಡ್ರೀ' ಅಂದರು (ಅಷ್ಟರಲ್ಲೇ ಗಂಟಲು ಸರಿಮಾಡಿಕೊಂಡಾಗಿತ್ತು). ಆಮೇಲೆ ಎಂದಿನ ಕೃಷ್ಣನ ಹಾಡು ಶುರು ಮಾಡಿದರು. ಕೃಷ್ಣ ಬೆಣ್ಣೆ ಕದ್ದ, ಬಾಯಿಗೆ ಮೆತ್ತಿಕೊಂಡ, ಯಶೋದೆಯ ಮಡಿಲಲ್ಲಿ ನಿದ್ದೆ ಹೋದ.

ಪಕ್ಕದ ಮನೆಯ ಹುಡುಗಿ, ಸಂಗೀತ ಪಾಠಕ್ಕೆ ಹೋಗುವವಳು, ಕಿಸಕ್ಕೆಂದಳು. "ಆಂಟಿ, ಕದ್ದವನು ಸೀದಾ ಮಲಗಿಬಿಟ್ನಾ? ಮಧ್ಯೆ ಯಶೋದೆ ಒರಳಿಗೆ ಕಟ್ಟಿಹಾಕೋ ಲೈನೇ ಹಾರಿಸಿಬಿಟ್ರಲ್ಲ!"

ಹಾಲ್‌ಗೆ ಹಾಲೇ ನಕ್ಕಿತು. ನಮ್ಮೂರು ಬಂಗಾರಪೇಟೆಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಚಿಕ್ಕಮ್ಮ ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ.

ತಪ್ಪು ಅವರದಲ್ಲ. ಚಿಕ್ಕಪ್ಪನ ಸೀನಿನದು!

ಮದುವೆಯಾದ ಹೊಸದರಲ್ಲಿ, ಕೆಜಿಎಫ್‌ನ ಫ್ಯಾಕ್ಟರಿಯಲ್ಲಿದ್ದ ಚಿಕ್ಕಪ್ಪ ಹೆಂಡತಿಗೆಂದು ರೆಕಾರ್ಡ್ ಪ್ಲೇಯರ್ ತಂದರು. ಆಗ ಹಾಡು ಅಂದರೆ ಕಣ್ಣಿಗೆ ಕಾಣುವ ವಸ್ತು. ಪ್ಲೇಟನ್ನು ಕವರಿನಿಂದ ಬಿಡಿಸಬೇಕು, ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು, ಉಸಿರು ಬಿಗಿಹಿಡಿದು ಮುಳ್ಳು ಇಳಿಸಬೇಕು. ಚಿಕ್ಕಪ್ಪ ಬಿಗಿಹಿಡಿಯಲಿಲ್ಲ, ಸೀನಿದರು. ಮುಳ್ಳು ಕರ್ರೆಂದು ಜಾರಿ ಹೊಸ ಪ್ಲೇಟಿನ ಮೇಲೆ ಗೀರು ಬಿತ್ತು. ಅಲ್ಲಿಂದಾಚೆ ಆ ಜಾಗ ಬಂದರೆ ಟಕ್ಕೆಂದು ಮುಂದಕ್ಕೆ ಹಾರುತ್ತಿತ್ತು. ಚಿಕ್ಕಮ್ಮ ಕೃಷ್ಣನ ಹಾಡು ಕಲಿತದ್ದು ಆ ಪ್ಲೇಟಿನಿಂದಲೇ. ಅದೇ ಹಾಡು ಹೇಳಿ ಇಬ್ಬರು ಮಕ್ಕಳನ್ನು ಮಲಗಿಸಿದರು.

ಸೀಮಂತದಿಂದ ಬಂದಮೇಲೆ ಮನೆಯಲ್ಲಿ ಹಾಡು ನಿಂತೇಹೋಯಿತು. ಮುಸುರೆ ತಿಕ್ಕುವಾಗಲೂ ಇಲ್ಲ, ದೀಪ ಹಚ್ಚುವಾಗಲೂ ಇಲ್ಲ. ಚಿಕ್ಕಪ್ಪ ಕಂಗಾಲು. ಒಂದು ಸಂಜೆ ಕೆಲಸದಿಂದ ಬರುವಾಗ ಟೇಪ್ ರೆಕಾರ್ಡರು, ಅದೇ ಹಾಡಿನ ಕ್ಯಾಸೆಟ್ಟು ಎರಡನ್ನೂ ಹಿಡಿದುಕೊಂಡು ಬಂದರು. ವೈರು ಜೋಡಿಸಲು ಪಕ್ಕದ ಬೀದಿಯಿಂದ ನನ್ನನ್ನು ಕರೆಸಿದರು.

"ಕೇಳೇ ರತ್ನ, ಒಂದು ಗೀರಿಲ್ಲ. ಆ ಅಳೇ ಪ್ಲೇಟು ಗುಜರಿಗೆ ಆಕ್ಬುಡಾನ."

ಹಾಡು ಗಾಜಿನ ಹಾಗೆ ಸ್ವಚ್ಛವಾಗಿತ್ತು. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತು ಕೇಳಿದರು. ಆ ಸಾಲು ಬಂತು. ಯಶೋದೆ ಹಗ್ಗ ತಂದಳು, ಬಿಗಿದಳು, ಮಗು ಅತ್ತಿತು. ಚಿಕ್ಕಮ್ಮ ಸರಕ್ಕನೆ ಬಂದು ಸ್ವಿಚ್ ಒತ್ತಿದರು.

"ಯಾಕೆ? ಪುರಾಣದಲ್ಲೇ ಐತೆ ಕಣೆ," ಅಂದರು ಚಿಕ್ಕಪ್ಪ.

"ನಂಗೂ ಗೊತ್ತು. ಪುರಾಣದಲ್ಲಿ ಇರ್ಲಿ. ಇಷ್ಟು ವರ್ಸ ನಮ್ಮನೇಲಿ ನೆಮ್ಮದಿಯಾಗಿ ಮಲಗ್ತಿದ್ದ ಮಗೂನ ಈಗ ಕಟ್ಟಾಕಿಸ್ಬೇಕಾ?"

ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ವೈರು ನೋಡಿದೆ. ಗುಜರಿಯ ಮಾತು ಅಲ್ಲಿಗೇ ಮುಗಿಯಿತು.

ನನಗೆ ಅವತ್ತು ಹೊಳೆದದ್ದು ಇಷ್ಟು. ಕ್ಯಾಸೆಟ್ಟು ನಿಮ್ಮ ಮನೆಯಲ್ಲೂ ನಮ್ಮ ಮನೆಯಲ್ಲೂ ಒಂದೇ ಥರ ಹಾಡುತ್ತೆ. (ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿ, ಅಷ್ಟೇ.) ಪ್ಲೇಟು ಹಾಗಲ್ಲ. ಯಾರ ಮನೆಯಲ್ಲಿ ಬಾಳಿತೋ ಅವರ ಧೂಳು, ಅವರ ಸೀನು, ಅವರ ಕೈನಡುಕ ಎಲ್ಲ ಮೈಮೇಲೆ ಬರೆಸಿಕೊಂಡು ಹಾಡುತ್ತೆ. ಬಂಗಾರಪೇಟೆಯ ಅಂಗಡಿಗಳಲ್ಲಿ ಈಗ ಪ್ಲೇಟು ಕೇಳಿದರೆ ನಗುತ್ತಾರೆ. ನಗಲಿ.

ಮೊನ್ನೆ ಮಂಜುಳನ ಮಗುವಿನ ನಾಮಕರಣ. ಚಿಕ್ಕಮ್ಮ ಯಾರೂ ಕೇಳುವ ಮೊದಲೇ ತೊಟ್ಟಿಲ ಪಕ್ಕ ಕೂತು ಹಾಡಿದರು. ಕೃಷ್ಣ ಬೆಣ್ಣೆ ಕದ್ದ, ಮೆತ್ತಿಕೊಂಡ, ಮಲಗಿದ. ಈ ಸಲ ಸಾಲು ನುಂಗಿದ್ದು ಗೊತ್ತಿದ್ದೇ.

"ಆಂಟಿ, ಮತ್ತೆ ಬಿಟ್ರಿ!" ಅದೇ ಹುಡುಗಿ.

ಚಿಕ್ಕಮ್ಮ ತೊಟ್ಟಿಲು ತೂಗುವುದನ್ನು ನಿಲ್ಲಿಸಲಿಲ್ಲ. "ಎಳೇ ಕೂಸಿನ ಮುಂದೆ ಹಗ್ಗದ ಸುದ್ದಿ ಯಾರಾದ್ರೂ ಎತ್ತಾರೇನಮ್ಮಾ?"