ಮೋಸ್ಟಿನ್ ಬರೆಸಿದ ಕಾಗದ

ಮೋಸ್ಟಿನ್ ಪ್ರಾಬರ್ಟ್ ಹಾಗೆ ಸೇಡು ತೀರಿಸಿಕೊಳ್ಳಬಾರದಿತ್ತು ಅಂತ ನಮ್ಮ ಕಣಿವೆಯಲ್ಲಿ ಅರ್ಧ ಜನ ಈಗಲೂ ಗೊಣಗುತ್ತಾರೆ. ಗೊಣಗಲಿ. ಅವನಿಂದ ಕಿತ್ತುಕೊಂಡದ್ದೇನು ಅಂತ ಆ ಅರ್ಧ ಜನ ಒಂದು ದಿನವೂ ಕೇಳಿದವರಲ್ಲ.

ಅವನು ಚಾವಣಿಗೆ ಸ್ಲೇಟುಕಲ್ಲು ಹೊದಿಸುವವನು. ಗಣಿ ಮುಚ್ಚಿದ ಮೇಲೆ ವೇಲ್ಸಿನ ಈ ಮೂಲೆಯಲ್ಲಿ ಉಳಿದದ್ದು ಸೋರುವ ಚಾವಣಿ ಮತ್ತು ರಗ್ಬಿ, ಎರಡೂ ಅವನ ಪಾಲಿಗೆ ಬಂದವು. ಹದಿನೇಳಕ್ಕೇ ಊರ ತಂಡ ಸೇರಿ, ಎರಡೂ ಕಡೆಯವರು ತಲೆಗೆ ತಲೆ ಕೊಟ್ಟು ತಳ್ಳಾಡುವ ಸ್ಕ್ರಮ್ಮಿನಲ್ಲಿ ಮೊದಲ ಸಾಲಿಗೆ ಕತ್ತು ಕೊಟ್ಟ. ಕೋಣನ ಕತ್ತು, ಜಜ್ಜಿಹೋದ ಕಿವಿ. ಸಂಬಳವಿಲ್ಲ; ಪಂದ್ಯ ಮುಗಿದರೆ ಒಂದು ತಟ್ಟೆ ಸಾಸೇಜು, ಒಂದು ಲೋಟ ಬಿಯರು.

ಅವನಿಗೆ ಮೂವತ್ತೊಂದಾಗಿದ್ದಾಗ ಭಾವಮೈದುನನ ಮದುವೆ ಗುರುವಾರ, ಪಂದ್ಯ ಶನಿವಾರ. ಮದುವೆಯಲ್ಲಿ ಯಾರೋ ಕೊಟ್ಟ ಕೊಕೇನನ್ನು ಮೂಸಿದ. ಶನಿವಾರ ಪಂದ್ಯ ಮುಗಿದದ್ದೇ ಮದ್ದು ಪತ್ತೆಯ ಮೂತ್ರಪರೀಕ್ಷೆಯವರು ಬಾಟಲಿ ಹಿಡಿದು ನಿಂತಿದ್ದರು. ಆ ಪುಡಿಯಿಂದ ಆಟಕ್ಕೆ ಕಿಲುಬುಕಾಸಿನ ಲಾಭವಿಲ್ಲ. ಅವತ್ತು ಎರಡು ಸಲ ಚೆಂಡು ಕೈಬಿಟ್ಟಿದ್ದ, ಒಮ್ಮೆ ತನ್ನವನಿಗೇ ಗುದ್ದಿದ್ದ. ಆದರೂ ಎರಡು ವರ್ಷ ನಿಷೇಧ. "ಮೂಸಿದ್ದು ನಾನು, ಅನುಭವಿಸೋದೂ ನಾನೇ" ಅಂತ ಸುಮ್ಮನಾದ.

ಎರಡನೇ ವರ್ಷ ಒಂದು ಭಾನುವಾರ, ಅವನ ಮಗಳು ನೆಸ್ಟಾ ಆಡುವ ಎಳೆಯರ ತಂಡದ ಕೋಚ್ ಕಾರು ಕೆಟ್ಟು ಬರಲಿಲ್ಲ. ಹನ್ನೊಂದು ಮಕ್ಕಳು ಚಳಿಗೆ ನಡುಗುತ್ತ ನಿಂತಿದ್ದವು. ಮೋಸ್ಟಿನ್ ಹಗ್ಗ ದಾಟಿ, ಮಕ್ಕಳು ಓಡಿಬಂದು ಗುದ್ದುವ ಸ್ಪಂಜಿನ ಮೂಟೆ ಹಿಡಿದು ಇಪ್ಪತ್ತು ನಿಮಿಷ ನಿಂತ. ಅಷ್ಟೇ. ನಿಷೇಧದಲ್ಲಿರುವವನು ತಂಡದ ಅಭ್ಯಾಸಕ್ಕೆ ಕೈಹಾಕಿದರೆ ಅಷ್ಟೇ ಉದ್ದದ ಇನ್ನೊಂದು ನಿಷೇಧ. ಕ್ಲಬ್ಬಿನ ಕಾರ್ಯದರ್ಶಿ ಕ್ಲೈವ್ ಬೆಡೋ ಅದನ್ನು ನೋಡಿ, ನಿಷೇಧ ಹಾಕಿದ ಮೇಲಿನವರಿಗೆ ಕಾಗದ ಬರೆದ. ಮತ್ತೆರಡು ವರ್ಷ. ಅದು ಮುಗಿಯುವ ಹೊತ್ತಿಗೆ ಕತ್ತು ಕೈಕೊಟ್ಟಿತ್ತು. ಮೋಸ್ಟಿನ್ ಮತ್ತೆ ತಂಡದ ಅಂಗಿ ತೊಡಲಿಲ್ಲ.

ವರ್ಷವಿಡೀ ಮುಷ್ಕರ ಹೂಡಿ ಹಸಿದ ಊರು ಇದು. ಚಾಡಿಕೋರನಿಗೆ ಇಲ್ಲಿ ಸತ್ತ ಮೇಲೂ ಜನ ಗೌರವಕ್ಕೆ ಟೋಪಿ ತೆಗೆಯುವುದಿಲ್ಲ. ಆದರೆ ಕ್ಲೈವ್ ಕೈಯಲ್ಲಿ ಕ್ಲಬ್ಬಿನ ಬೀಗದಕೈ ಇತ್ತು, ಎಲ್ಲರೂ ಬಾಯಿ ಮುಚ್ಚಿಕೊಂಡೆವು. ನಾನೂ.

ಆಮೇಲೆ ನಿಯಮ ಬದಲಾಯಿತು. ಮೋಜಿಗೆ ಮೂಸಿದ್ದು ಅಂತ ತೋರಿಸಿದರೆ ಮೂರು ತಿಂಗಳು. ಚಟ ಬಿಡಿಸುವವರ ಹತ್ತಿರ ಹೋದರೆ ಒಂದೇ ತಿಂಗಳು. ಆ ವಸಂತದಲ್ಲಿ ಸಿಕ್ಕಿಬಿದ್ದವನು ಕ್ಲೈವ್‌ನ ಮಗ ರೋಡ್ರಿ, ತಂಡದಲ್ಲಿ ಎರಡು ಕಂಬಗಳ ನಡುವೆ ಚೆಂಡು ಒದ್ದು ಅಂಕ ತರುವವನು. ಒಂದು ತಿಂಗಳು. ಕಪ್ಪಿನ ಫೈನಲ್ಲಿಗೆ ಆರು ವಾರವಿತ್ತು.

ಆ ನಿಷೇಧದ ಎರಡನೇ ವಾರ ಮೋಸ್ಟಿನ್ ಶಾಲೆಯ ಚಾವಣಿ ಹತ್ತಿದ್ದ. ಮೇಲಿಂದ ಹಿಂದಿನ ಮೈದಾನ ಕಂಡಿತು: ರೋಡ್ರಿ ತಂಡದ ಜೊತೆ ಅಭ್ಯಾಸ ಮಾಡುತ್ತಿದ್ದ, ಅಪ್ಪ ಪಕ್ಕದಲ್ಲೇ ಗಡಿಯಾರ ಹಿಡಿದಿದ್ದ. ಮೋಸ್ಟಿನ್ ಫೋಟೊ ತೆಗೆದ.

"ಕಳಿಸು ಅದನ್ನ" ಅಂದಳು ಹೆಂಡತಿ ಮೈರ್. "ಬೆರಳು ಒತ್ತಿದ್ರೆ ಆಯ್ತು."

"ಕಳಿಸಿದ್ರೆ ನಾಳೆಯಿಂದ ಚಾಡಿಕೋರ ನಾನಾಗ್ತೀನಿ. ಅದು ಅವನ ಕಸುಬು ಕಣೇ. ಅವನ ಕೈಯಲ್ಲೇ ಮಾಡಿಸ್ತೀನಿ."

ನಮ್ಮ ಕ್ಲಬ್ಬಿಗೆ ಗಣಿ ಸಂಘದ ಕಾಲದ ಒಂದು ಕಟ್ಟಳೆ ಇದೆ. ವಾರ್ಷಿಕ ಸಭೆಯಲ್ಲಿ ಯಾವ ಸದಸ್ಯನಾದರೂ ಎದ್ದು ನಡಾವಳಿ ಪುಸ್ತಕದ ಹಳೇ ಪುಟ ಕೇಳಿದರೆ ಕಾರ್ಯದರ್ಶಿ ಗಟ್ಟಿಯಾಗಿ ಓದಲೇಬೇಕು. ಆ ವಾರದ ಭಾನುವಾರ ಮಧ್ಯಾಹ್ನವೇ ಸಭೆ ಇತ್ತು. ಮೋಸ್ಟಿನ್ ಎದ್ದ, ತನ್ನ ಮೇಲೆ ಬರೆದ ಕಾಗದದ ನಕಲಿದ್ದ ಪುಟ ಕೇಳಿದ.

ಕ್ಲೈವ್ ಪುಸ್ತಕ ತನ್ನತ್ತ ಎಳೆದುಕೊಂಡ. "ಹಳೇದೆಲ್ಲ ಈಗ್ಯಾಕಪ್ಪಾ?"

"ಓದ್ರೀ ಸೆಕ್ರೆಟರಿಗಳೇ, ಅಕ್ಷರ ನಿಮ್ದೇ ಅಲ್ವಾ" ಅಂದಳು ಅಧ್ಯಕ್ಷೆ ಎಲ್ಯುನೆಡ್, ಎಂಬತ್ತರ ಮುದುಕಿ.

ಕ್ಲೈವ್ ಓದಿದ. ಸ್ಪಂಜಿನ ಮೂಟೆ, ಇಪ್ಪತ್ತು ನಿಮಿಷ, 'ಕ್ಲಬ್ಬಿನ ಮಾನ', ಎಲ್ಲ ಓದಿದ. ಮೋಸ್ಟಿನ್ ಫೋಟೊವನ್ನು ಮೇಜಿನ ಮೇಲಿಟ್ಟ.

"ಅವ್ನು ಸುಮ್ನೆ ಚೆಂಡು ಎಸೀತಿದ್ದ ಅಷ್ಟೇ!" ಅಂದ ಕ್ಲೈವ್.

"ನಾನು ಸುಮ್ನೆ ಮೂಟೆ ಹಿಡಿದಿದ್ದೆ ಅಷ್ಟೇ. ಈಗ ಪೆನ್ನು ಹಿಡಿ, ಅದೇ ಥರ ಇನ್ನೊಂದು ಬರಿ. ಎಲ್ಲರ ಮುಂದೆ."

"ಫೈನಲ್ ಹಾಳಾಗತ್ತೆ ಮಾರಾಯ!" ಅಂತ ಹಿಂದಿನಿಂದ ಯಾರೋ ಕೂಗಿದರು.

"ನನ್ನದು ಹಾಳಾದಾಗ ನಿನ್ನ ನಾಲಿಗೆ ಏನು ಬಿಯರಲ್ಲಿ ನೆನೆ ಹಾಕಿದ್ಯಾ?"

ಎಲ್ಯುನೆಡ್ ಕೈ ಎತ್ತಿಸಿದಳು. ಬರೆಯಲಿ ಅಂದವರು ಹತ್ತೊಂಬತ್ತು, ಬೇಡ ಅಂದವರು ಹದಿನಾರು. ನನ್ನ ಕೈ ಹತ್ತೊಂಬತ್ತರಲ್ಲಿತ್ತು.

ರೋಡ್ರಿ ಮುಂದೆ ಬಂದ. ಇಪ್ಪತ್ತನಾಲ್ಕರ ಆಳು, ಕಣ್ಣಲ್ಲಿ ನೀರು. "ಮೋಸ್ಟಿನಣ್ಣ, ನಾನು ನಿನಗೇನು ಮಾಡಿದ್ದೆ?"

"ಏನೂ ಇಲ್ಲ ಕಣೋ. ಅದಕ್ಕೇ ನಿಮ್ಮಪ್ಪನಿಗೆ ಚೆನ್ನಾಗಿ ಉರಿಯೋದು."

ಕ್ಲೈವ್ ಬರೆದ. ಮಗನ ಹೆಸರನ್ನೂ ಬರೆದ. ಮೋಸ್ಟಿನ್ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ. "ತಾರೀಖು ಹಾಕು" ಅಂದ. "ಮುದ್ರೆ ಒತ್ತು" ಅಂದ. ಒತ್ತಿಸಿಯೇ ಬಿಟ್ಟ.

ರೋಡ್ರಿಗೆ ಇನ್ನೊಂದು ತಿಂಗಳು ಬಿತ್ತು. ಫೈನಲ್ಲಿನ ಕೊನೆಯ ನಿಮಿಷದಲ್ಲಿ ಎರಡು ಅಂಕ ಹಿಂದಿದ್ದೆವು. ಅವನ ಜಾಗಕ್ಕೆ ಬಂದವನು ಮೂರು ಅಂಕಕ್ಕೆ ಒದ್ದ ಚೆಂಡು ಕಂಬದಿಂದ ಮಾರುದೂರ ಹೋಯಿತು. ನಮ್ಮ ಕಡೆಯವರೆಲ್ಲ ತಲೆ ಮೇಲೆ ಕೈ ಹೊತ್ತರು. ಕ್ಲೈವ್ ಹಗ್ಗಕ್ಕೆ ಜೋತುಬಿದ್ದು ನಿಂತ. ಮೋಸ್ಟಿನ್ ಅವನಿಗೆ ಕಾಣುವಂತೆಯೇ ಎದುರಿಗೆ ಹೋಗಿ ನಿಂತ. ಕೈಯಲ್ಲಿ ಬಿಸಿ ಮಾಂಸದ ಕಡುಬಿತ್ತು. ಆರಾಮಾಗಿ, ಒಂದು ತುಣುಕೂ ಕೆಳಗೆ ಬೀಳದಂತೆ ತಿಂದ.