ಭಾವನವರ ವಾರದ ರೇಟು

ನನ್ನ ಅಕ್ಕನ ಗಂಡ ಚನ್ನಗಿರಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಒಂದು ವರ್ಷ ಅಡಿಕೆ ರೇಟು ಏರುತ್ತದೆ ಎಂದರು, ಏರಿತು. ಆ ವರ್ಷ ಊರಲ್ಲಿ ಹಾಗೆಂದವರು ಬಹಳ ಮಂದಿ. ಆದರೆ ಹಾಗೆಂದಿದ್ದನ್ನು ಮರೆಯದೆ ಹೇಳಿಕೊಂಡು ತಿರುಗಿದವರು ಭಾವ ಒಬ್ಬರೇ. ಅಲ್ಲಿಂದ ಬಂಗಾರ, ಬೆಳ್ಳಿ, ಕಚ್ಚಾ ತೈಲ, ಷೇರುಪೇಟೆ ಎಲ್ಲವೂ ಅವರ ಸುಪರ್ದಿಗೆ ಬಂದವು.

ಶನಿವಾರ ಸಂಜೆ ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಅವರ ದನಿ ಬರುತ್ತಿತ್ತು. ಗಂಟಲು ಸರಿಮಾಡಿಕೊಂಡು, ಬರುವ ವಾರ ಏನಾಗುತ್ತದೆ ಎಂದು ಅಪ್ಪಣೆ ಕೊಡಿಸುವರು. ರೇಟು ಏರಿದರೆ ಎಲ್ಲೋ ಯುದ್ಧ, ಇಳಿದರೆ ಕರೆಕ್ಷನ್ನು, ಎರಡೂ ಆಗದಿದ್ದರೆ ಮಾರ್ಕೆಟ್ಟು ಯೋಚನೆ ಮಾಡುತ್ತಿದೆ. ಹಿಂದಿನ ವಾರದ ಮಾತು ಸುಳ್ಳಾಗಿದ್ದನ್ನು ಅವರೂ ಎತ್ತುತ್ತಿರಲಿಲ್ಲ, ಕೇಳಿದವರೂ ಎತ್ತುತ್ತಿರಲಿಲ್ಲ. ಕೈಮುಗಿದ ಚಿತ್ರಗಳು ಸಾಲಾಗಿ ಬೀಳುತ್ತಿದ್ದವು. ನಾನು ನ್ಯಾಮತಿಯಲ್ಲಿ ಮೇಷ್ಟ್ರ ಕೆಲಸ ಮಾಡುವವಳು. ಇಷ್ಟು ವಿಧೇಯ ಮಕ್ಕಳನ್ನು ಯಾವ ತರಗತಿಯಲ್ಲೂ ಕಂಡಿಲ್ಲ.

ಸಾಸ್ವೆಹಳ್ಳಿಯ ನಮ್ಮ ಚಿಕ್ಕಮ್ಮ ಮಗಳ ಮದುವೆಯನ್ನು ಜಗಳೂರಿನ ಹುಡುಗನೊಂದಿಗೆ ಗೊತ್ತುಮಾಡಿದರು. ಮಗಳಿಗೊಂದು ದಪ್ಪ ಸರ ಮಾಡಿಸಬೇಕೆಂಬುದು ಅವರ ಬಹುದಿನದ ಆಸೆ. ಅಡಿಕೆ ಮಾರಿದ ಹಣ ಕೈಯಲ್ಲೇ ಇತ್ತು. ಭಾವ ಫೋನ್ ಮಾಡಿ ತಡೆದರು. ಬರುವ ವಾರ ಇಳಿಯುತ್ತದೆ, ಅವಸರ ಮಾಡಬೇಡಿ ಎಂದರು. ಇಳಿಯಲಿಲ್ಲ. ಇನ್ನೊಂದು ವಾರ ತಡೆಯಿರಿ ಎಂದರು. ಹಾಗೇ ತಡೆಯುತ್ತಾ ತಡೆಯುತ್ತಾ ಲಗ್ನಪತ್ರಿಕೆ ಹಂಚಿದ್ದಾಯಿತು, ಬಂಗಾರ ಕೈಗೆ ಎಟುಕದ ಹಾಗಾಯಿತು.

ಕೊನೆಗೆ ಚಿಕ್ಕಮ್ಮನನ್ನು ನಾನೇ ಚನ್ನಗಿರಿಗೆ ಕರೆದುಕೊಂಡು ಹೋದೆ. ನಮ್ಮವರೆಲ್ಲ ಬಂಗಾರ ತರುವ ಅಂಗಡಿ ಅಲ್ಲಿ ಒಂದೇ. ಅಂಗಡಿಯವರು ತೋರಿಸಿದ ದಪ್ಪ ಸರಗಳನ್ನು ಚಿಕ್ಕಮ್ಮ ಮುಟ್ಟಲಿಲ್ಲ. ನೂಲಿನಂಥ ಒಂದನ್ನು ಆರಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು. ಅಂಗಡಿಯವರಿಗೆ ಏನನ್ನಿಸಿತೋ, ಸಮಾಧಾನದ ದನಿಯಲ್ಲಿ ಹೇಳಿದರು: "ನೀವೂ ಬಟ್ಟೆ ಅಂಗಡಿಯ ನಿಮ್ಮ ಅಳಿಯಂದ್ರು ಬಂದಾಗ್ಲೇ ಬಂದಿದ್ರೆ ಚಲೋ ಇತ್ತಮ್ಮ. ತಮ್ಮ ಮಗಳಿಗೆ ಅಂತ ಬಳೆ ತಗಂಡು ಹೋದ್ರಲ್ಲ. ಇನ್ನೂ ಏರ್ತೈತೆ ಅಂತ ಅವರೇ ಹೇಳಿದ್ರು."

ಯಾವಾಗ ಎಂದು ಕೇಳಿದೆ. ಭಾವ ಚಿಕ್ಕಮ್ಮನನ್ನು ಮೊದಲ ಸಲ ತಡೆದ ವಾರವೇ.

ಚಿಕ್ಕಮ್ಮನನ್ನು ಬಸ್ಸು ಹತ್ತಿಸಿ ನೇರ ಅಕ್ಕನ ಮನೆಗೆ ಹೋದೆ. ಭಾವ ಟಿವಿಯ ಕೆಳಗೆ ಓಡುವ ಅಂಕಿಗಳನ್ನು ನೋಡುತ್ತಾ ಕೂತಿದ್ದರು. ಅಕ್ಕ ಚಹಾ ತಂದಿಟ್ಟಳು. ನಾನು ಬಳೆಯ ವಿಷಯ ಎತ್ತಿದ ಕೂಡಲೇ ಒಳಗೆ ಹೋದಳು. ಭಾವ ನಾಚಿಕೊಂಡಾರು, ಕೊನೆಗೆ ಸಿಟ್ಟಾದರೂ ಆದಾರು ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

"ಎಲ್ಲಾರಿಗೂ ತಗಳ್ರಿ ಅಂದಿದ್ರೆ ಏನಾಗ್ತಿತ್ತು ಹೇಳು," ಎಂದರು ನಿಧಾನವಾಗಿ. "ಎಲ್ಲಾರೂ ಒಂದೇ ಸಲ ಅಂಗಡಿಗೆ ನುಗ್ಗಿ ರೇಟು ಇನ್ನೂ ಏರ್ತಿತ್ತು. ಇದೆಲ್ಲಾ ನಿಂಗೆ ತಿಳಿಯಾಕಿಲ್ಲ ಬಿಡು."

ತಮಾಷೆ ಮಾಡುತ್ತಿದ್ದಾರೆಯೇ ಎಂದು ಮುಖ ನೋಡಿದೆ. ಇಲ್ಲ, ನಿಜವಾಗಿಯೂ ನಂಬಿದ್ದರು. ಸಾಸ್ವೆಹಳ್ಳಿಯ ಒಬ್ಬ ಹೆಂಗಸು ಸರ ಕೊಂಡರೆ ಲೋಕದ ಬಂಗಾರದ ಬೆಲೆ ಅಲುಗಾಡುತ್ತದೆಂದು, ಅದನ್ನು ಅಲುಗದಂತೆ ಹಿಡಿದಿರುವವರು ತಾವೆಂದು. ಮೋಸಗಾರನಾಗಿದ್ದರೆ ಜಗಳವಾಡಬಹುದಿತ್ತು. ಇಂಥ ಪೆದ್ದುತನದ ಜೊತೆ ಏನು ಮಾತು? ಚಹಾ ಮುಟ್ಟದೆ ಎದ್ದು ಬಂದೆ.

ಮದುವೆ ಹೊನ್ನಾಳಿಯ ಛತ್ರದಲ್ಲಿ ನಡೆಯಿತು. ಮಂಟಪದ ಕಡೆಗೆ ಬೆನ್ನುಹಾಕಿ ಕೂತಿದ್ದ ಭಾವನವರ ಸುತ್ತ ಗಂಡಿನ ಕಡೆಯ ಹಿರಿಯರೂ ಕುರ್ಚಿ ಎಳೆದುಕೊಂಡಿದ್ದರು. ಬೆಳ್ಳಿಯ ಮಾತು ನಡೆದಿತ್ತು. ಚಿಕ್ಕಮ್ಮ ಆ ಕಡೆ ಹೋಗುವುದನ್ನು ಕಂಡು, ಇವತ್ತಾದರೂ ಎಲ್ಲರೆದುರು ನಾಲ್ಕು ಮಾತು ಕೇಳುತ್ತಾರೆ ಎಂದು ನಾನೂ ಹಿಂದೆಯೇ ಹೋಗಿ ನಿಂತೆ.

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಕೇಳಿದರು: "ಹಂಗಾರೆ ಮಗಳಿಗೆ ಬೆಳ್ಳಿ ಕಾಲ್ಗೆಜ್ಜೆ ಈಗ್ಲೇ ತಗಳ್ಳೋದಾ, ಬರೋ ವಾರದವರೆಗೂ ನೋಡೋದಾ?"

ಭಾವ ಕಣ್ಣು ಮುಚ್ಚಿ ಯೋಚಿಸತೊಡಗಿದರು. ನಾನು ಊಟದ ಪಂಕ್ತಿಯ ಕಡೆ ನಡೆದೆ.