ಮುಗಿಸಬೇಕಾಗಿದ್ದ ಬಣ್ಣಗಳು

ಅಕ್ಕನ ಮದುವೆ ಕಂಪ್ಲಿ ಕಡೆ ಗೊತ್ತಾದ ಬೇಸಿಗೆಯಲ್ಲಿ ನಾನು ಎಂ.ಎ. ಮುಗಿಸಿ ಮನೆಗೆ ಬಂದಿದ್ದೆ. ಅಪ್ಪನಿಗೆ ಕಾಲುವೆ ಆಫೀಸಿನಲ್ಲಿ ಕೆಲಸ. ನಮ್ಮ ಮನೆ ಹೊಸಪೇಟೆ ಹತ್ತಿರ ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿತ್ತು. ಹಿಂದಿನ ಕೋಣೆಯ ಮಂಚದ ಕೆಳಗೆ ಅಕ್ಕನ ತಗಡಿನ ಟ್ರಂಕು. ಡ್ರಾಯಿಂಗ್ ಕೋರ್ಸ್ ಮಾಡುವಾಗ ಅವಳು ಕೊಂಡಿದ್ದ ಬಟ್ಟೆಬಣ್ಣದ ಬಾಟಲಿಗಳು, ಕೂದಲುದುರಿದ ಬ್ರಷ್ಷುಗಳು ಅದರಲ್ಲಿದ್ದವು. ಮುಚ್ಚಳ ಎತ್ತಿದರೆ ಬರುತ್ತಿದ್ದ ಹುಳಿ ಬೆರೆತ ಆ ವಾಸನೆ, ನನ್ನ ಪಾಲಿಗೆ ಅಕ್ಕನದೇ ವಾಸನೆಯಾಗಿತ್ತು.

ಅವ್ವ ಸೀರೆ ಮಡಚುತ್ತಾ ಹೇಳಿದಳು: “ಆ ಟ್ರಂಕು ಅಲ್ಲಿಗೆ ಹೊತ್ಕೊಂಡು ಹೋಗೂದು ಬ್ಯಾಡ. ಕಬ್ಬು ಬೆಳಿಯೋ ಮಂದಿ ಅವರು. ಸೊಸಿ ಬಂದಾಳೋ, ಬೋರ್ಡ್ ಬರಿಯಾಂವ ಬಂದಾನೋ ಅಂದಾರು.”

ಅಕ್ಕ ಮರುದಿನ ಬೆಳಿಗ್ಗೆ ಟ್ರಂಕನ್ನು ಹಿತ್ತಲಿಗೆ ಎಳೆದಳು. “ಬಿಟ್ಟು ಹೋದ್ರ ಒಣಗಿ ಕಲ್ಲಾಗ್ತಾವ. ಒಂದು ಹನಿ ಉಳಿಸಬಾರದು” ಎಂದಳು. ಅವಳಿಗೆ ಸಿಟ್ಟು ಬಂದಿದ್ದರೆ ನನಗೆ ಸಮಾಧಾನ ಹೇಳಲಾದರೂ ಬರುತ್ತಿತ್ತು. ಆದರೆ ಅವಳು ಒಂದೊಂದೇ ಬಾಟಲಿಗೆ ನೀರಿನ ಹನಿ ಬಿಟ್ಟು ಕಡ್ಡಿಯಿಂದ ತಿರುವುತ್ತಿದ್ದಳು.

ಬೀಗರ ಕಡೆಯ ಹೆಂಗಸರಿಗೆ ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಖಣ ಇಟ್ಟು ಕೊಡಲು ಅವ್ವ ಬಿಳಿ ಬಟ್ಟೆಯ ತಾಂಬೂಲದ ಚೀಲಗಳನ್ನು ಹೊಲಿದಿಟ್ಟಿದ್ದಳು. ಅವುಗಳ ಮೇಲೆ ಅಚ್ಚು ಹಾಕುವುದೆಂದು ಅಕ್ಕ ನಿರ್ಧರಿಸಿದಳು. ಗಾಜು ಒಡೆದ ಫೋಟೋದ ಕಟ್ಟಿಗೆ ಚೌಕಟ್ಟಿಗೆ ಅವ್ವನ ಹಳೆಯ ವಾಯಿಲ್ ಸೀರೆಯ ತುಂಡನ್ನು ತಮಟೆಯಂತೆ ಬಿಗಿದು ಮೊಳೆ ಹೊಡೆದೆವು. ಕಾಗದಕ್ಕೆ ಮೇಣ ಸವರಿ, ಬೇಕಾದ ಆಕಾರವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು ಅದರಡಿ ಇಟ್ಟರೆ, ತೆರೆದ ಜಾಗದಿಂದ ಮಾತ್ರ ಬಣ್ಣ ಕೆಳಗಿಳಿಯುತ್ತದೆ. ಬಣ್ಣವನ್ನು ಸಮನಾಗಿ ಎಳೆಯಲು ರಬ್ಬರು ಬೇಕು. ಅಕ್ಕ ಅಪ್ಪನ ಸವೆದ ಹವಾಯಿ ಚಪ್ಪಲಿಯನ್ನು ತೊಳೆದು, ನೆಟ್ಟಗೆ ಕೊಯ್ದು ತಂದಳು.

ಆಗ ಅವ್ವ ಹಿತ್ತಲಿಗೆ ಬಂದಳು. ಮೇಣದ ಕಾಗದದಲ್ಲಿ ಅಕ್ಕ ಕಳಶದ ಆಕಾರ ಕತ್ತರಿಸಿದ್ದಳು.

“ಚಪ್ಪಲಿಲೇ ಕಳಶಾ ತಿಕ್ಕತೀರೇನು? ಬುದ್ಧಿ ಎಲ್ಲಿಟ್ಟೀರಿ?”

“ತೊಳದೀನವ್ವಾ.”

“ತೊಳದ್ರ ಚಪ್ಪಲಿ ಚಪ್ಪಲಿ ಅಲ್ಲಾ ಅಂತ ಆತೇನು?”

“ಹಂಗಾರ ಬಾಳಿಗೊನಿ?”

“ಅದೂ ಮಂಗಳದ್ದೇ.”

“ಎಮ್ಮಿ ಬರೀಲೇನು ಮತ್ತ?”

ನಾನು ನಕ್ಕೆ, ಅವ್ವ ನಗಲಿಲ್ಲ. ಅಕ್ಕ ರಬ್ಬರಿನ ತುಂಡನ್ನು ತಿರುಗಿಸಿ ನೋಡಿ ಕೇಳಿದಳು: “ಕಬ್ಬು ಆದ್ರ? ಕಬ್ಬಿನ ಹೊಲದಾಗ ಎಲ್ಲಾರೂ ಚಪ್ಪಲಿ ಹಾಕ್ಕೊಂಡೇ ಅಡ್ಡಾಡ್ತಾರ.”

ಅವ್ವ “ಏನರ ಮಾಡ್ಕೋರಿ” ಎಂದು ಒಳಗೆ ಹೋದಳು.

ಅಕ್ಕ ಬೇರೆ ಕಾಗದದಲ್ಲಿ ಕಬ್ಬು ಕತ್ತರಿಸಿದಳು: ಎರಡು ಜಲ್ಲೆ, ಗಿಣ್ಣುಗಳು, ಮೇಲೆ ಬಾಗಿದ ಗರಿ. ಮೊದಲ ಚೀಲದಲ್ಲಿ ಬಣ್ಣ ನೀರಾಗಿ ಹರಡಿತು. ಆಮೇಲಿನವು ಚೊಕ್ಕಟವಾಗಿ ಬಂದವು. ಹಸಿರು ಬೇಗ ಮುಗಿಯಿತು. ಅದರ ತಳದಲ್ಲಿ ಅಂಟಿದ್ದಕ್ಕೆ ನೀಲಿ ಬೆರೆಸಿದೆವು, ನೀಲಿಯ ತಳಕ್ಕೆ ಹಳದಿ, ಕೊನೆಗೆ ಕೆಂಪು. ಪ್ರತಿ ಚೀಲಕ್ಕೂ ಬಣ್ಣ ಬದಲಾಗುತ್ತಾ, ಕೊನೆಯವು ಮಣ್ಣೋ ಬೂದಿಯೋ ಹೇಳಲಾಗದಂತಾದವು. ಬಾಟಲಿಗಳನ್ನು ಬೋರಲು ಹಾಕಿದಾಗ ಏನೂ ಇಳಿಯಲಿಲ್ಲ. ಅಕ್ಕ ಅಂಗೈ ನೋಡಿಕೊಂಡು “ಆತು” ಎಂದಳು. ನಾನು ಚೌಕಟ್ಟು ತೊಳೆಯಲು ಎದ್ದೆ.

ತಂತಿಯ ಮೇಲೆ ಒಣಗುತ್ತಿದ್ದ ಚೀಲಗಳನ್ನು ಕಂಡು ಅವ್ವನಿಗೆ ಹೊಸ ಚಿಂತೆ ಹತ್ತಿತು. ಬೀಗರಲ್ಲಿ ಒಬ್ಬರಿಗೆ ಹಸಿರು, ಒಬ್ಬರಿಗೆ ಬೂದಿ ಕೊಟ್ಟರೆ ಭೇದ ಮಾಡಿದರೆಂದು ಮಾತು ಬರುತ್ತದೆ. ಅವನ್ನು ತೆಗೆದಿಡುವಷ್ಟರಲ್ಲಿ, ಸೀರೆ ಕೊಳ್ಳಲು ಹೊಸಪೇಟೆಗೆ ಬಂದಿದ್ದ ಅಕ್ಕನ ಅತ್ತೆಯಾಗುವವರು ಬಾಗಿಲಲ್ಲೇ ನಿಂತಿದ್ದರು. ಕಾಲು ತೊಳೆಯಲು ಹಿತ್ತಲಿಗೆ ಬಂದವರು ತಂತಿಯ ಮುಂದೆ ನಿಂತುಬಿಟ್ಟರು.

“ಯಾರು ಮಾಡಿದ್ದಿದು?”

“ಹುಡುಗ್ರಾಟರಿ,” ಎಂದಳು ಅವ್ವ. “ಒಂದರಂಗ ಒಂದಿಲ್ಲ.”

“ಹೊಲದಾಗೂ ಒಂದರಂಗ ಒಂದಿರಂಗಿಲ್ರಿ.” ಅವರು ಗಿಣ್ಣಿನ ಮೇಲೆ ಬೆರಳಾಡಿಸಿದರು. “ಈ ಬೂದಿಬಣ್ಣದ್ದು ನಮ್ಮ ನೆಗೆಣ್ಣಿಗೆ ಕೊಡ್ರಿ. ಆಕಿ ಮಾರಿನೂ ಹಂಗೇ ಐತಿ.”

ಓರಗಿತ್ತಿಯ ಮೇಲಿನ ಈ ಮಾತಿಗೆ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವರು ಅಕ್ಕನತ್ತ ತಿರುಗಿದರು. “ಬರುವಾಗ ಬಣ್ಣಾ ತಗೊಂಡು ಬಾರವ್ವಾ. ನಮ್ಮ ಬಾಗಿಲ ಪರದೆ ಬೋಳು ಅದಾವ.”

“ಎಲ್ಲಾ ಮುಗಿದಾವ್ರಿ.” ಅಕ್ಕನ ದನಿ ಸಣ್ಣದಾಗಿತ್ತು.

“ಮುಗಿದ್ರ ಮತ್ತ ತಂದ್ರಾತು. ಹೊಸಪ್ಯಾಟಿಯೊಳಗ ಬರಗಾಲ ಬಿದ್ದೈತೇನು?”

ಅವರು ಚಹಾ ಕುಡಿದು ಬಸ್ಸಿಗೆ ಹೊರಟ ಮೇಲೆ, ನಾನು ಆಗಲೇ ತೊಳೆದಿಟ್ಟಿದ್ದ ಚೌಕಟ್ಟನ್ನು ಅಕ್ಕ ಮತ್ತೊಮ್ಮೆ ತೊಳೆದಳು.

ಸಾಮಾನು ಕಟ್ಟುವ ದಿನ ಆ ಚೌಕಟ್ಟು ಅವಳ ಸೀರೆಗಳ ನಡುವೆ ಹೋಯಿತು. ಅದನ್ನು ನೋಡಿದ ಅವ್ವ ಹಿತ್ತಲಿಗೆ ಹೋಗಿ, ಚಪ್ಪಲಿಯ ರಬ್ಬರಿನ ತುಂಡನ್ನು ತಂದು, ಹಳೆಯ ಪೇಪರಿನಲ್ಲಿ ಎರಡು ಸುತ್ತು ಸುತ್ತಿದಳು.

“ಸೀರಿ ಜೋಡಿ ಬ್ಯಾಡ,” ಎಂದು ಅದನ್ನು ಪಾತ್ರೆಗಳ ಗಂಟಿನ ಹೊರಬದಿಗೆ, ಬೇರೆಯಾಗಿ ಕಟ್ಟಿದಳು.